ಖಾಲಿ ಕಲ್ಲು

ಬಳೆ ಗೆಣ್ಣು ದಾಟಲಿಲ್ಲ. ವತ್ಸಲಾ ಅದನ್ನು ಹೊರಗೆ ಎಳೆದು, ಗಿರಿಜಾಳ ಬಲಗೈಯ ಬೆರಳುಗಳನ್ನು ಮೊಗ್ಗಿನ ಹಾಗೆ ಒಟ್ಟುಗೂಡಿಸಿ ಹಿಡಿದು ಮತ್ತೊಮ್ಮೆ ತೂರಿಸಲು ನೋಡಿದಳು. ಎರಡು ವಾರ ಶೈತ್ಯಾಗಾರದಲ್ಲಿದ್ದ ಕೈ. ಮೆತ್ತಗೂ ಇರಲಿಲ್ಲ, ಬಿರುಸೂ ಇರಲಿಲ್ಲ. ರಾತ್ರಿ ಕಲಸಿಟ್ಟು ಮರೆತ ಹಿಟ್ಟಿನ ಹಾಗಿತ್ತು. ಎಡಗೈಯಲ್ಲಿ ಆಗಲೇ ಲಿಂಗವನ್ನಿಟ್ಟು ಬಿಳಿ ಬಟ್ಟೆ ಸುತ್ತಿದ್ದರು.

ವತ್ಸಲಾಳ ಗಂಡ ಶಶಿಧರ ಶವಾಗಾರದ ಬಾಗಿಲಲ್ಲೇ ನಿಂತಿದ್ದ. ತಂಗಿಯ ಮುಖದ ಕಡೆ ನೋಡಿರಲಿಲ್ಲ.

"ಹಸರ ಬಳಿ ಹಾಕಬೇಕೋ ಬ್ಯಾಡೋ ಅದನ್ನ ಮೊದಲ ಹೇಳು. ಅಯ್ನಾರು ಫೋನಿನ್ಯಾಗ ಕೇಳಾಕತ್ತಾರ, ಆಕಿ ಗಂಡ ಇದ್ದಾನೋ ಇಲ್ಲೋ ಅಂತ."

"ಇದಾರಲ್ಲ, ವಿಜಯಪುರದಲ್ಲಿ. ಎರಡನೇ ಹೆಂಡತಿ ಕಡೆಯಿಂದ ಮೊಮ್ಮಕ್ಕಳೂ ಇದಾರೆ."

"ಅಂದ್ರ ಮುತ್ತೈದಿ."

"ಅವರ ಲೆಕ್ಕದಲ್ಲಿ," ಎಂದಳು ವತ್ಸಲಾ.

ಗಿರಿಜಾ ಬಳೆ ತೊಟ್ಟಿದ್ದನ್ನು ವತ್ಸಲಾ ನೋಡಿಯೇ ಇರಲಿಲ್ಲ. ಅವಳು ಕೆಲಸ ಮಾಡುತ್ತಿದ್ದ ಶಾಲೆಯ ಅಡುಗೆಮನೆಯಲ್ಲಿ ಬಳೆ, ಉಂಗುರ ಯಾವುದೂ ಕೂಡದು. ಅದಕ್ಕೂ ಮುಂಚೆ, ಹದಿನೇಳರಲ್ಲಿ, ಅವಳಾಗಿಯೇ ತೆಗೆದಿಟ್ಟಿದ್ದಳಂತೆ. ಬಳೆ ತಾಗಿದರೆ ಗ್ರಾಮಫೋನ್ ಪ್ಲೇಟಿಗೆ ಗೀರು ಬೀಳುತ್ತದೆಂದು. ವತ್ಸಲಾ ಬಳೆಯನ್ನು ಪೆಟ್ಟಿಗೆಯೊಳಗೆ, ಕೈಯ ಪಕ್ಕದಲ್ಲಿ ಇಟ್ಟಳು. ಹಾಕಿದ ಹಾಗೂ ಆಯಿತು, ಹಾಕದ ಹಾಗೂ ಆಯಿತು.

ಕೈಚೀಲದಲ್ಲಿ ಫೋನು ನಡುಗಿತು. ಗಿರಿಜಾಳ ಹಳೆಯ ಗೆಳೆಯ ಡೆಲ್‌ರಾಯ್. ಬಸ್ಸಿನಲ್ಲಿದ್ದೇನೆ, ಬರುತ್ತಿದ್ದೇನೆ.

ಆಸ್ಪತ್ರೆಯಲ್ಲಿ, ಇನ್ನೂ ಮಾತು ಬರುತ್ತಿದ್ದಾಗ, ಗಿರಿಜಾ ಹೇಳಿದ್ದಳು: "ವೈನಿ, ನನಗ ಮಣ್ಣ ಕೊಡುವಾಗ ಹಾಡು ಹಚ್ಚಬ್ಯಾಡ್ರಿ. ಬರೇ ಡ್ರಮ್ಮು. ಡೆಲ್‌ರಾಯ್ ಕಡೆ ನನ್ನ ಟೇಪ್ ಐತಿ. ಕುಣಿ ತುಂಬೂತನಕ ಬಾರಿಸಿದ್ರ ಸಾಕು." ವತ್ಸಲಾ "ಆಗಲಿ" ಎಂದಿದ್ದಳು. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೂ ಗಿರಿಜಾ ಅವಳಲ್ಲಿ ಕೇಳಿದ್ದು ಅದೊಂದೇ. ಕೊಟ್ಟ ಮಾತು ಈಗ ಬೇಳೆಯೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಗುತ್ತಿತ್ತು.

ಶವದ ವಾಹನದ ಹಿಂದೆ ಕಾರಿನಲ್ಲಿ ಹೋಗುವಾಗ ಅವಳು ಇನ್ನೊಮ್ಮೆ ಗಂಡನಿಗೆ ಹೇಳಿದಳು. "ರೀ, ಅವಳು ಬಾಯಿಬಿಟ್ಟು ಕೇಳಿದ್ಲು."

"ಅದು ಆಕಿ ಮಾತಲ್ಲ, ಮಾರ್ಫಿನ್ ಮಾತು," ಎಂದ ಶಶಿಧರ. "ಮಂದಿ ಬಂದಿರತಾರ, ಸಂಘದವರು ಬಂದಿರತಾರ. ಅವರ ಮುಂದ ದಬ ದಬ ಅಂತ ಅದನ್ನ ಹಚ್ಚಲೇನು? ವಚನ ಇಟ್ಟೇನಿ. ಅದು ಚೆಂದ."

ಹಿಂದಿನ ಸೀಟಿನಲ್ಲಿದ್ದ ಮಗಳು ಅಂಕಿತಾ ಕಿವಿಯಿಂದ ಏನೋ ತೆಗೆದು, "ವಾಟ್ ಡ್ರಮ್ಸ್, ಮಮ್?" ಎಂದಳು. ಶಶಿಧರ ಕಾರನ್ನು ಸ್ಮಶಾನದ ಗೇಟಿನೊಳಗೆ ತಿರುಗಿಸಿದ. ಅವಳು ಅದನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

*

ಗಿರಿಜಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರ ಮನೆ ಲಂಡನ್ನಿನ ಟೂಟಿಂಗ್‌ನಲ್ಲಿ, ಕೌನ್ಸಿಲ್ ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ. ಅತ್ತೆ ಶಿವಕ್ಕ ಧಾರವಾಡದ ಕಡೆಯಿಂದ ಹಡಗಿನಲ್ಲಿ ಬಂದಾಗ ಬೀಸುವ ಕಲ್ಲನ್ನು ಕೌದಿಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು ತಂದಿದ್ದಳು. ಪಾಕೀಟಿನ ಹಿಟ್ಟನ್ನು ಅವಳು ನಂಬುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅಡುಗೆಮನೆಯ ಲಿನೋಲಿಯಂ ಮೇಲೆ ಕಾಲು ಚಾಚಿ ಕೂತು ಜೋಳ ಬೀಸುತ್ತಿದ್ದಳು. ಮಾವ ಮಹಾಲಿಂಗಪ್ಪ ರೈಲು ಡಿಪೋದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಆ ಗುಡುಗಿನಲ್ಲೇ ನಿದ್ದೆ ಹೋಗುತ್ತಿದ್ದರಂತೆ.

ಒಂದು ಭಾನುವಾರ ಕೆಳಗಿನ ಮನೆಯ ಹುಡುಗ ಬಂದು ಬಾಗಿಲು ಬಡಿದ. ಜಮೈಕಾದವರ ಮಗ, ಡೆಲ್‌ರಾಯ್. ಗದ್ದಲವೆಂದು ಜಗಳಕ್ಕೆ ಬಂದನೆಂದುಕೊಂಡು ಶಿವಕ್ಕ, "ಫಿನಿಶ್, ಫಿನಿಶ್, ನೋ ಮೋರ್" ಎಂದು ಹಿಟ್ಟಿನ ಕೈ ಆಡಿಸಿದಳು. ಅವನು ಕೇಳಲು ಬಂದದ್ದು ಬೇರೆ. ಯಾವ ಸ್ಪೀಕರ್ ಇಟ್ಟಿದ್ದೀರಿ, ಇಂಥ ಬೇಸ್ ಎಲ್ಲೂ ಕೇಳಿಲ್ಲ, ನಮ್ಮ ಮನೆಯ ಸೂರೇ ಹಾಡುತ್ತಿದೆ.

ಶಾಲೆಯ ಟೈ ಇಸ್ತ್ರಿ ಮಾಡುತ್ತಿದ್ದ ಗಿರಿಜಾ ನಗುತ್ತಾ ಅವನನ್ನು ಒಳಗೆ ಕರೆದು ಕಲ್ಲು ತೋರಿಸಿದಳು.

ಅವಳು ಇದನ್ನೆಲ್ಲ ವತ್ಸಲಾಳಿಗೆ ಹೇಳಿದ್ದು ಬಿಡಿಬಿಡಿಯಾಗಿ, ರೊಟ್ಟಿ ಬಡಿಯುತ್ತಾ, ಪಾತ್ರೆ ಒರೆಸುತ್ತಾ. ಡೆಲ್‌ರಾಯ್‌ನ ಕೋಣೆಯಲ್ಲಿ ಪ್ಲೇಟು ನುಡಿಸುವ ಎರಡು ತಿರುಗುಮಣೆ ಇದ್ದವು. ನ್ಯೂಯಾರ್ಕಿನಲ್ಲಿ ಅವನ ಹಾಗೇ ಒಬ್ಬ ಜಮೈಕಾದ ಹುಡುಗ ಹುಟ್ಟುಹಾಕಿದ ಆಟ ಅದು. ಎಲ್ಲ ಹಾಡಿನ ನಡುವೆಯೂ ಹಾಡುವವರು ಬಾಯಿ ಮುಚ್ಚಿ, ಪೀಪಿ ಪಿಟೀಲು ನಿಂತು, ಬರೀ ಡ್ರಮ್ ಉಳಿಯುವ ಒಂದು ಗಳಿಗೆ ಇರುತ್ತದೆ. ಕುಣಿಯುವವರು ಕಾಯುವುದು ಅದಕ್ಕೇ. ಬಂತು ಅನ್ನುವಷ್ಟರಲ್ಲಿ ಅದು ಹೋಗಿಬಿಡುತ್ತದೆ. ಆ ಹುಡುಗ ಒಂದೇ ಪ್ಲೇಟನ್ನು ಎರಡೆರಡು ತಂದ. ಒಂದರಲ್ಲಿ ಗಳಿಗೆ ಮುಗಿಯುತ್ತಲೇ ಇನ್ನೊಂದರಲ್ಲಿ ಅದೇ ಗಳಿಗೆ. ಅದು ಓಡುವಾಗ ಮೊದಲನೆಯದನ್ನು ಕೈಯಿಂದ ಹಿಂದಕ್ಕೆ ತಿರುಗಿಸಿಟ್ಟುಕೊಳ್ಳುವುದು. ಹಾಗೆ ಮಾಡಿದರೆ ಗಳಿಗೆ ಮುಗಿಯುವುದೇ ಇಲ್ಲ. ಆಮೇಲೆ ಅದರ ಮೇಲೆ ಮಾತು ಕಟ್ಟಿದರು, ಗೋಡೆಗೆ ಬಣ್ಣ ಬಳಿದರು, ತಲೆಯ ಮೇಲೆ ನಿಂತು ಗಿರಕಿ ಹೊಡೆದರು, ಲೋಕವೆಲ್ಲ ಹಬ್ಬಿಸಿದರು.

"ಅದರ ಮೊದಲನೇ ಪಾರ್ಟಿ ಯಾರು ಇಟ್ಟಿದ್ದು ಗೊತ್ತೇನ್ರಿ ವೈನಿ?" ಎಂದು ಒಮ್ಮೆ ಕೇಳಿದ್ದಳು. "ಆ ನ್ಯೂಯಾರ್ಕ್ ಹುಡುಗನ ತಂಗಿ. ಸಾಲಿಗೆ ಹೊಸ ಅರಿವಿ ಬೇಕಾಗಿದ್ವಂತ. ಹಾಲ್ ಹಿಡಿದಾಕಿ ಆಕಿ, ಮಂದಿನ್ನ ಕರದಾಕಿ ಆಕಿ. ಅಣ್ಣನ ಹೆಸರು ಎಲ್ಲಾರಿಗೂ ಗೊತ್ತೈತಿ. ತಂಗಿ ಹೆಸರು ಯಾರನ್ನರೆ ಕೇಳಿ ನೋಡ್ರಿ."

ಹೇಳಿ ತವೆಯ ಮೇಲಿನ ರೊಟ್ಟಿಗೆ ನೀರು ಸವರಿದ್ದಳು. ಅವಳು ರೊಟ್ಟಿ ಬಡಿಯುವ ಸದ್ದಿಗೆ ಒಂದು ಲಯವಿತ್ತು. ನಡುವೆ ಎಲ್ಲೋ ಒಂದು ಏಟು ಬೇಕೆಂದೇ ತಡವಾಗಿ ಬೀಳುತ್ತಿತ್ತು. ಅದು ಕೇಳುವವರನ್ನು ಕಾಯಿಸುವ ಏಟು ಎಂದು ವತ್ಸಲಾಳಿಗೆ ತಿಳಿಯಲು ವರ್ಷಗಳೇ ಹಿಡಿದವು.

*

ಸ್ಮಶಾನದಲ್ಲಿ ಫೆಬ್ರುವರಿಯ ಗಾಳಿ ಸೆರಗನ್ನು ನಿಲ್ಲಗೊಡುತ್ತಿರಲಿಲ್ಲ. ಕುಣಿಯ ಸುತ್ತ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ್ದರು. ಆಚೆ ಮರದಡಿ ಮಣ್ಣು ತಳ್ಳುವ ಸಣ್ಣ ಯಂತ್ರದ ಪಕ್ಕ ಇಬ್ಬರು ಆಳುಗಳು ಸಿಗರೇಟು ಮುಚ್ಚಿ ಹಿಡಿದು ನಿಂತಿದ್ದರು.

ಕನ್ನಡ ಸಂಘದ ಅಧ್ಯಕ್ಷ ರಾಮಪ್ರಸಾದ ಸ್ಟ್ಯಾನ್ಮೋರಿನಿಂದ ಹೆಂಡತಿ ಬೃಂದಾಳೊಂದಿಗೆ ಬಂದಿದ್ದರು. ಬೃಂದಾ ವತ್ಸಲಾಳ ಕೈ ಹಿಡಿದುಕೊಂಡಳು.

"ಪಾಪ, ಎಷ್ಟು ಹೋಮ್ಲಿ ಅಲ್ವಾ? ಯಾವ ಫಂಕ್ಷನ್ನಿಗೆ ಬಂದ್ರೂ ಅಡುಗೆಮನೆ ಬಿಟ್ಟು ಹೊರಗೆ ಬರ್ತಿರಲಿಲ್ಲ. ಇನ್ನು ಸಂಕ್ರಾಂತಿಗೆ ಅಷ್ಟು ರೊಟ್ಟಿ ಯಾರು ಮಾಡ್ತಾರೋ. ಮಕ್ಕಳಿದ್ದಿದ್ರೆ ಜೀವಕ್ಕೆ ಒಂದು ಆಸೆ ಇರ್ತಿತ್ತು."

"ಹೂಂ," ಎಂದಳು ವತ್ಸಲಾ.

"ನಿಮಗೇ ಕಷ್ಟ ಈಗ. ಅತ್ತೆನ್ನ ನೋಡ್ಕೊಳ್ಳೋಕೆ ಕೇರರ್ ಇಟ್ಟಿದ್ದೀರಂತೆ. ಅವರೆಲ್ಲಿ ಗಿರಿಜಾ ಹಾಗೆ ಮಾಡ್ತಾರೆ ಹೇಳಿ. ಮನೆಯವರು ಮನೆಯವರೇ."

ವತ್ಸಲಾ ಕೈ ಬಿಡಿಸಿಕೊಂಡಳು. ಬೃಂದಾ ಹೇಳಿದ್ದು ನಿಜವಾದ್ದರಿಂದಲೇ ಚುಚ್ಚಿತು. ಕ್ಯಾನರಿ ವಾರ್ಫ್‌ನ ಬ್ಯಾಂಕಿಗೆ ಅವಳು ದಿನವೂ ನಿಶ್ಚಿಂತೆಯಿಂದ ರೈಲು ಹತ್ತಿದ್ದು ಮನೆಯ ಸಣ್ಣ ಕೋಣೆಯಲ್ಲಿ ಗಿರಿಜಾ ಇದ್ದಾಳೆಂದೇ.

ಆಗ ಗೇಟಿನ ಕಡೆಯಿಂದ ಬೋಳುತಲೆಯ ಎತ್ತರದ ಕಪ್ಪು ಮನುಷ್ಯನೊಬ್ಬ ಬಂದ. ಅರವತ್ತರ ಆಸುಪಾಸು. ಕಸದ ಕಪ್ಪು ಚೀಲದಲ್ಲಿ ಸುತ್ತಿದ ಏನನ್ನೋ ಮಗುವಿನಂತೆ ಎದೆಗವಚಿಕೊಂಡಿದ್ದ. ರಾಮಪ್ರಸಾದರನ್ನು ನಿಲ್ಲಿಸಿ, ಗಿರಕಿಯ ಮಣ್ಣು ಇದೇನಾ ಎಂದು ಇಂಗ್ಲಿಷಿನಲ್ಲಿ ಕೇಳಿದ. 'ಗಿರಕಿ' ಎಂಬುದನ್ನು ಮಾತ್ರ ಕನ್ನಡದವರಂತೆಯೇ ಅಂದ.

"ಇಲ್ಲ, ನೀವು ಬೇರೆ ಕಡೆ ಬಂದಿದ್ದೀರಿ," ಎಂದರು ಅಧ್ಯಕ್ಷರು ಮರ್ಯಾದೆಯಿಂದ.

"ಇದೇ," ಎಂದು ವತ್ಸಲಾ ಮುಂದೆ ಬಂದಳು. "ಇವರು ಡೆಲ್‌ರಾಯ್. ನಾನೇ ಕರೆದಿದ್ದು."

ಶಶಿಧರ ಗುರುತು ಹಿಡಿದ. ಗುರುತು ಹಿಡಿದದ್ದು ಅವನ ಕಿವಿಯ ತುದಿ ಕೆಂಪಾದುದರಲ್ಲಿ ಕಂಡಿತು. ಹೆಂಡತಿಯನ್ನು ಬದಿಗೆ ಕರೆದುಕೊಂಡು ಹೋದ.

"ಅವನನ್ನ ಯಾಕ ಕರಿಸಿದಿ?"

"ಗಿರಿಜಾ ಹೇಳಿದ್ಲು."

"ಅವ್ವಗ ಗೊತ್ತಾದ್ರ ಏನಂತಾಳ? ಆ ಖಾಲಿ ಕಲ್ಲ ಬೀಸಿ ಬೀಸೇ ನಮ್ಮಪ್ಪನ್ನ ಕಳಕೊಂಡ್ವಿ. ಮ್ಯಾಲೆ ಆಕಿ ಬಾಳೂ ಹೋತು. ಮತ್ತ ಅದನ್ನ ಆಕಿ ಕುಣಿ ಮ್ಯಾಲೆ ಬಾರಸ್ತಿಯೇನು?"

"ನೀವು ಇದನ್ನೆಲ್ಲ ನಂಬ್ತೀರಾ? ಎಂಜಿನಿಯರು ನೀವು."

"ನಂಬೂದಲ್ಲ. ಬ್ಯಾಡ ಅಂದ್ರ ಬ್ಯಾಡ."

*

ಖಾಲಿ ಕಲ್ಲು ಅನ್ನುವುದು ಶಿವಕ್ಕನ ಮಾತು. ಕಾಳು ಹಾಕದೆ ಬೀಸುವ ಕಲ್ಲು ತಿರುವಬಾರದು, ಕೂಸಿಲ್ಲದ ತೊಟ್ಟಿಲು ತೂಗಬಾರದು. ಇದು ಅವಳ ತವರಿನ ಯಾವ ಹೆಂಗಸಿಗೂ ಗೊತ್ತಿದ್ದ ಸಂಗತಿ. ಗಿರಿಜಾ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲಿ ದುಡಿದು ತನ್ನದೇ ತಿರುಗುಮಣೆಗಳನ್ನು ಕೊಂಡು ತಂದಾಗ ಶಿವಕ್ಕ ಬಾಗಿಲಲ್ಲಿ ನಿಂತು ಕೇಳಿದಳಂತೆ.

"ಒಂದ ಪ್ಲೇಟ ಎರಡೆರಡು ಯಾಕ ತಂದಿ? ಒಂದು ಕೊಂಡ್ರ ಒಂದು ಪುಗಸಟ್ಟೆನು?"

"ಎರಡೂ ಬೇಕವ್ವ."

"ಮತ್ತ ಹಾಡೆಲ್ಲೈತಿ? ಹಾಡು ಬರೂದ್ರಾಗ ಹಿಂದಕ್ಕ ತಿರುವ್ತಿ, ಹಾಡು ಬರೂದ್ರಾಗ ಹಿಂದಕ್ಕ ತಿರುವ್ತಿ. ಕಾಳಿಲ್ಲದ ಕಲ್ಲ ಬೀಸಿದಂಗ. ಮನಿ ತಿಂತೈತಿ ಅದು."

ಗಿರಿಜಾ ನಕ್ಕಿದ್ದಳು. ಆ ಬೇಸಿಗೆಯೆಲ್ಲ ಅವಳು ಶನಿವಾರಗಳಂದು ಲೈಬ್ರರಿಗೆಂದು ಹೇಳಿ ಕೋವೆಂಟ್ ಗಾರ್ಡನ್ನಿಗೆ ಹೋದಳು. ಕಲ್ಲುಹಾಸಿನ ಮೇಲೆ ಲಿನೋಲಿಯಂ ಸುರುಳಿ ಬಿಚ್ಚಿ ಹುಡುಗರು ಬೆನ್ನಿನ ಮೇಲೆ ಬುಗುರಿಯಂತೆ ತಿರುಗುತ್ತಿದ್ದರೆ, ಬ್ಯಾಟರಿ ಸ್ಟೀರಿಯೋದಲ್ಲಿ ಬರುತ್ತಿದ್ದ ಟೇಪು ಅವಳದು. ನಿನ್ನ ಹೆಸರೇನೆಂದು ಯಾರೋ ಕೇಳಿದಾಗ, ಆ ಹುಡುಗರನ್ನು ನೋಡುತ್ತಾ, ಬಾಯಿಗೆ ಬಂದದ್ದು ಹೇಳಿದ್ದಳು: ಗಿರಕಿ.

ಆ ಚಳಿಗಾಲದಲ್ಲಿ ಮಹಾಲಿಂಗಪ್ಪ ಡಿಪೋದ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಮಣ್ಣು ಮುಗಿಸಿ ಬಂದ ದಿನ ಶಿವಕ್ಕ ಮಗಳ ಮುಖ ನೋಡಿ, "ಬೀಸಿದ್ಯಲ್ಲ, ತಿಂತು ನೋಡು" ಎಂದಳು. ಶಶಿಧರ ಆಗ ಕಾಲೇಜು ಹುಡುಗ. ತಿರುಗುಮಣೆಗಳನ್ನೂ ಪ್ಲೇಟುಗಳನ್ನೂ ಎತ್ತಿಕೊಂಡು ಹೋಗಿ ಕಟ್ಟಡದ ಕೆಳಗಿನ ಕಸದ ತೊಟ್ಟಿಗೆ ಹಾಕಿ ಬಂದ. ಗಿರಿಜಾ ತಡೆಯಲಿಲ್ಲ. ತಡೆಯಬಹುದಿತ್ತಲ್ಲ ಎಂದು ವತ್ಸಲಾ ಕೇಳಿದಾಗ, "ನನಗೂ ಖರೇ ಅನಿಸಿತ್ರಿ ವೈನಿ," ಎಂದಿದ್ದಳು.

ಬಂದ ಮೊದಲ ಸಂಬಂಧಕ್ಕೆ ಗಿರಿಜಾಳನ್ನು ಕೊಟ್ಟರು. ವಿಜಯಪುರದಲ್ಲಿ ಕೆಲವು ವರ್ಷ ತೊಟ್ಟಿಲು ತೂಗಲಿಲ್ಲವೆಂದು ವಾಪಸು ಕಳಿಸಿದರು. ಅದಕ್ಕೂ ಶಿವಕ್ಕನಲ್ಲಿ ಕಾರಣ ಸಿದ್ಧವಿತ್ತು. ಆಮೇಲಿನ ಬದುಕೆಂದರೆ ಅಣ್ಣನ ಮನೆ, ಶಾಲೆಯ ಅಡುಗೆಮನೆ, ಅವ್ವನ ಸ್ನಾನ, ಅಂಕಿತಾಳ ಟಿಫಿನ್. ಸಟನ್‌ಗೆ ಮನೆ ಬದಲಿಸಿದಾಗ ಕಲ್ಲೂ ಬಂತು. ವತ್ಸಲಾ ಅದನ್ನು ಹಿತ್ತಲ ಕಟ್ಟೆಯ ಮೇಲೆ ಇರಿಸಿ, ಚೆಂದ ಕಾಣಲೆಂದು ಅದರ ಮೇಲೆ ಹೂವಿನ ಕುಂಡ ಇಟ್ಟಳು.

*

"ಇದು ಅತ್ತಿನಾ? ಸೀರಿಯಸ್ಲೀ?"

ಅಂಕಿತಾಳ ದನಿ. ಅವಳು ಡೆಲ್‌ರಾಯ್‌ನ ಫೋನಿನ ಮೇಲೆ ಬಾಗಿದ್ದಳು. ತೆರೆಯ ಮೇಲೆ ಹಳೆಯ ಫೋಟೊ: ಶಾಲೆಯ ಟೈ ಸಡಿಲಿಸಿದ ಹುಡುಗಿ, ಹೆಡ್‌ಫೋನು ಒಂದೇ ಕಿವಿಗೆ, ಎರಡು ಜಡೆ, ಬರಿಗೈ ಪ್ಲೇಟಿನ ಮೇಲೆ. ಈ ಊರಿನಲ್ಲಿ ಆಗ ಅವಳಂತೆ ಕೈ ಆಡಿಸುವ ಹುಡುಗಿ ತನಗೆ ಗೊತ್ತಿದ್ದಂತೆ ಇನ್ನೊಬ್ಬಳಿರಲಿಲ್ಲ ಎಂದು ಡೆಲ್‌ರಾಯ್ ಹೇಳುತ್ತಿದ್ದ.

ರಾಮಪ್ರಸಾದರು ಕನ್ನಡಕ ಏರಿಸಿ ನೋಡಿದರು. ಮುಖ ಬದಲಾಯಿತು. "ಸಾರ್, ಏನ್ಸಾರ್ ಇದು, ಒಂದು ದಿನ ಹೇಳಿಲ್ವಲ್ಲ ನೀವು. ನಮ್ಮ ವಿಕಾಸ ಸ್ಕೂಲಲ್ಲಿ ಮ್ಯೂಸಿಕ್ಕಿಗೆ ಇದನ್ನೇ ಓದ್ತಿದಾನೆ. ಹಿಪ್-ಹಾಪ್ ಹುಟ್ಟಿದ್ದು, ಬೆಳೆದಿದ್ದು, ಎಲ್ಲಾ ಪಾಠ ಇದೆ. ಪಯೋನಿಯರ್ ಸಾರ್ ನಿಮ್ಮ ತಂಗಿ. ರಾಜ್ಯೋತ್ಸವಕ್ಕೆ ಒಂದು ಟ್ರಿಬ್ಯೂಟ್ ಇಡಲೇಬೇಕು."

ಜನ ಫೋನಿನ ಸುತ್ತ ಸೇರಿದರು. ಶಶಿಧರ ಒಮ್ಮೆ ಫೋಟೊ ನೋಡಿದ, ಒಮ್ಮೆ ಜನರನ್ನು ನೋಡಿದ. ಕೋಟಿನ ಗುಂಡಿ ಹಾಕಿಕೊಂಡ.

"ನಾವೇನ್ ಹೇಳ್ಕೊಳ್ಳೋದು ಸಾರ್," ಎಂದ. ಸಂಘದವರ ಮುಂದೆ ಅವನ ಕನ್ನಡ ಬೆಂಗಳೂರಿಗೆ ಹೊರಳುತ್ತಿತ್ತು. "ಅವಳಿಗೆ ಮೊದಲಿಂದ ಇಂಟ್ರೆಸ್ಟು. ಮನೇಲಿ ಎಲ್ಲಾ ಸಪೋರ್ಟ್ ಇತ್ತು. ಆ ಟರ್ನ್‌ಟೇಬಲ್ ಇದೆಯಲ್ಲ, ಅದು ನಾನೇ ಕೊಡಿಸಿದ್ದು."

ಡೆಲ್‌ರಾಯ್‌ಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡವೂ ಬಂದು ನಿಜವೂ ಗೊತ್ತಿದ್ದವಳು ವತ್ಸಲಾ ಒಬ್ಬಳೇ. ಕಸದ ತೊಟ್ಟಿ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿ ಬಂದು ಕೂತಿತು. ಅಷ್ಟರಲ್ಲಿ ಗಂಡನೇ, "ಪ್ಲೇ ಮಾಡ್ಲಿ, ಪ್ಲೇ ಮಾಡ್ಲಿ. ಅವಳ ಕೊನೇ ಆಸೆ ಅದು" ಎಂದ. ಹೇಗೂ ಬಾರಿಸುತ್ತಾರಲ್ಲ, ಕೊಟ್ಟ ಮಾತು ನಡೆಯುತ್ತದಲ್ಲ ಎಂದು ಅವಳು ಆ ಮಾತನ್ನು ನುಂಗಿದಳು. ಹಾಗೆ ನುಂಗಿ ಅವಳಿಗೆ ರೂಢಿಯಿತ್ತು.

ಪೆಟ್ಟಿಗೆ ಇಳಿಯಿತು. ಡೆಲ್‌ರಾಯ್ ಚೀಲ ಬಿಚ್ಚಿ, ಬೆಳ್ಳಿ ಬಣ್ಣದ ಹಳೆಯ ಸ್ಟೀರಿಯೋವನ್ನು ಪ್ಲಾಸ್ಟಿಕ್ ಹುಲ್ಲಿನ ಮೇಲಿಟ್ಟು ಗುಂಡಿ ಒತ್ತಿದ.

ಡ್ರಮ್ ಬಂತು. ಒಂದು ಸುತ್ತು ಬಂತು, ಮುಗಿಯುತ್ತದೆ ಅನ್ನುವಾಗ ಚರ್ರೆಂದು ಹಿಂದಕ್ಕೆಳೆದು ಮತ್ತೆ ಮೊದಲಾಯಿತು. ಮತ್ತೆ. ಮತ್ತೆ. ನಡುವೆ ಎಲ್ಲೋ ಒಂದು ಏಟು ತಡವಾಗಿ ಬೀಳುತ್ತಿತ್ತು. ವತ್ಸಲಾಳಿಗೆ ರೊಟ್ಟಿಯ ವಾಸನೆ ಬಂದಂತಾಯಿತು. ಒಂದು ಹಿಡಿ ಮಣ್ಣು ತೆಗೆದುಕೊಂಡು ಅವಳು ಆ ಏಟಿಗೆ ಕಾಯುತ್ತಾ ನಿಂತಳು.

ಜನ ಮೊದಲು ತಲೆದೂಗಿದರು, ಆಮೇಲೆ ಕಾಲು ಬದಲಿಸಿದರು. ಅಂಕಿತಾ ವಿಡಿಯೋ ಮಾಡುತ್ತಿದ್ದಳು. ರಾಮಪ್ರಸಾದರು ಶಶಿಧರನ ಕಡೆ ವಾಲಿ ಮೆಲ್ಲಗೆ ಕೇಳಿದರು: "ಹಾಡು ಯಾವಾಗ ಶುರುವಾಗುತ್ತೆ ಸಾರ್?"

ಶಶಿಧರ ಡೆಲ್‌ರಾಯ್‌ಗೆ ಹೇಳಿದ, ಸ್ವಲ್ಪ ಮುಂದೆ ಓಡಿಸಿ, ಹಾಡಿರುವ ಕಡೆಗೆ. ಹಾಡಿಲ್ಲ, ಹಾಡನ್ನೆಲ್ಲ ಅವಳು ತೆಗೆದುಹಾಕಿದ್ದಾಳೆ, ಅವಳ ಕೆಲಸವೇ ಅದು ಎಂದ ಡೆಲ್‌ರಾಯ್. ಶಶಿಧರ ನಗುತ್ತಲೇ ಬಗ್ಗಿ ತಾನೇ ಗುಂಡಿ ಒತ್ತಿದ. ಟಕ್ಕೆಂದಿತು. "ಒಂದು ಸ್ಯಾಂಪಲ್ ಕೇಳಿದ್ವಲ್ಲ. ಸಾಕು." ಅವನ ಫೋನಿನಿಂದ ವಚನ ಶುರುವಾಯಿತು. ಎಲ್ಲರ ಹೆಗಲೂ ಒಂದಿಷ್ಟು ಸಡಿಲಾಯಿತು. ಮರದಡಿಯ ಆಳು ಸಿಗರೇಟು ಆರಿಸಿ ಯಂತ್ರ ಏರಿದ.

ವತ್ಸಲಾಳ ಹಿಡಿಯಲ್ಲಿ ಮಣ್ಣು ಹಾಗೇ ಇತ್ತು. ಅವಳೂ ಹಾಕಿದಳು.

ಗೇಟಿನವರೆಗೆ ಡೆಲ್‌ರಾಯ್ ಜೊತೆ ನಡೆದಳು. ಅವನು ಸ್ಟೀರಿಯೋವನ್ನು ಮತ್ತೆ ಕಸದ ಚೀಲದಲ್ಲಿ ಸುತ್ತಿದ್ದ. ಇನ್ನೂ ಸ್ವಲ್ಪ ಬಿಟ್ಟಿದ್ದರೆ ಚೆನ್ನಾಗಿತ್ತು, ಎಂದ. ಟೇಪಿನ ಆ ಬದಿಯ ಕೊನೆಯಲ್ಲಿ ಗಿರಕಿಯ ಅಮ್ಮ ಬಾಗಿಲಿಗೆ ಬಂದು ಏನೋ ಬೈಯುತ್ತಾರೆ, ಅವಳು ನಗುತ್ತಾಳೆ. ಅವಳ ನಗು ಅಂತ ಇರುವುದು ಅದೊಂದೇ. ಬೈದದ್ದೇನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ವತ್ಸಲಾಳಿಗೆ ಗೊತ್ತಿತ್ತು. ಅವನಿಗೆ ಗೇಟು ತೆರೆದು ಹಿಡಿದಳು.

*

ಮನೆಯ ಮುಂದೆ ಕಾರು ನಿಂತಾಗಲೇ ಸದ್ದು ಕೇಳಿಸಿತು. ದೂರದಲ್ಲಿ ರೈಲು ಹೋಗುತ್ತಿದೆಯೆಂದುಕೊಂಡಳು ವತ್ಸಲಾ. ರೈಲು ಹೋಗಿ ಮುಗಿಯಬೇಕಿತ್ತು, ಇದು ಮುಗಿಯಲಿಲ್ಲ.

ಕೇರರ್ ಹುಡುಗಿ ಹಿತ್ತಲ ಬಾಗಿಲಲ್ಲಿ ಕೈ ಹಿಸುಕಿಕೊಳ್ಳುತ್ತಿದ್ದಳು. ಎಷ್ಟು ಹೇಳಿದರೂ ಒಳಗೆ ಬರುತ್ತಿಲ್ಲ, ಚಳಿಯಲ್ಲಿ ಕೂತಿದ್ದಾರೆ.

ಹೂವಿನ ಕುಂಡ ಹುಲ್ಲಿನ ಮೇಲೆ ಉರುಳಿತ್ತು. ಶಿವಕ್ಕ ಕಟ್ಟೆಯ ಮೇಲೆ ಕೌದಿ ಹೊದ್ದು ಕೂತು, ವರ್ಷಾನುಗಟ್ಟಲೆ ತಿರುಗದ ಕಲ್ಲನ್ನು ತಿರುವುತ್ತಿದ್ದಳು. ಗೂಟದ ಮೇಲೆ ಎರಡೂ ಕೈ. ಅರ್ಧ ಸುತ್ತು ಮುಂದೆ ಹೋಗಿ ಉಸಿರು ಸಾಲದೆ ನಿಲ್ಲುತ್ತಿದ್ದಳು, ಕೈ ಹಿಂದಕ್ಕೆ ಜಾರುತ್ತಿತ್ತು, ಮತ್ತೆ ಮುಂದೆ.

"ಅವ್ವಾ, ಏನ್ ಮಾಡಾಕತ್ತಿ? ಖಾಲಿ ಕಲ್ಲದು. ಬಿಡ," ಎಂದು ಶಶಿಧರ ಧಾವಿಸಿದ.

ವತ್ಸಲಾ ಅವನ ತೋಳು ಹಿಡಿದಳು. "ಬೀಸಲಿ ಬಿಡಿ."

"ಒಂದೀಟು ಕಾಳರೆ ತಂದು ಹಾಕು ಮತ್ತ."

"ಕಾಳ ಹಾಕಬ್ಯಾಡ," ಎಂದಳು ಶಿವಕ್ಕ, ತಲೆಯೆತ್ತದೆ.

ಶಶಿಧರ ಒಳಗೆ ಹೋದ. ಫೋನಿನಲ್ಲಿ ಯಾರಿಗೋ ಟ್ರಿಬ್ಯೂಟಿನ ವಿಷಯ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ವತ್ಸಲಾ ಚಪ್ಪಲಿ ಬಿಟ್ಟು, ಸೀರೆ ಒದ್ದೆಯಾಗುವುದನ್ನು ಲೆಕ್ಕಿಸದೆ, ಅತ್ತೆಯ ಎದುರು ಕೂತು ಗೂಟಕ್ಕೆ ಕೈ ಕೊಟ್ಟಳು. ಮುದುಕಿಯ ಕೈ ಕೆಳಗೆ, ಅವಳ ಕೈ ಮೇಲೆ. ಕಲ್ಲು ಈಗ ಪೂರ್ತಿ ಸುತ್ತು ತಿರುಗಿತು. ಇಬ್ಬರೂ ಹಾಡಲಿಲ್ಲ. ಕಲ್ಲಿನ ಸಂದಿಯಿಂದ ಕಲ್ಲಿನದೇ ಬೂದು ಪುಡಿ ಉದುರಿ, ಸುತ್ತಲೂ ತೆಳ್ಳಗೆ, ಹಿಟ್ಟಿನ ಹಾಗೆ ಬೀಳತೊಡಗಿತು.